ಬುಟ್ಟಿಯೊಳಗಿನ ಮೇಷ್ಟ್ರು

ಆಗಸ್ಟ್ ೯, ಭಾನುವಾರ

ನಮ್ಮ ಮನೆಯ ಹಡಗಿನವರಿಗೆ,

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಅದಕ್ಕೇ ಬರೆದಿದ್ದೇನೆ. ನೀವೂ ನಿಮ್ಮ ಇಂಜಿನ್ ರೂಮಿನವರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸಿ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಅದನ್ನೂ ಕ್ಷಮಿಸಿಬಿಡಿ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ನಿಮ್ಮ ಹಳದಿ ಮೀನು ಬದುಕಿದೆ. ಪರೀಕ್ಷೆ ಕೋಣೆಯಲ್ಲಿ ಕಾವಲು ತಿರುಗುವ ಹಾಗೆ ಗಾಜಿನ ತೊಟ್ಟಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತದೆ ಎಂದು ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟವರು ನೀವೇ ತಾನೆ? ಆ ಮೇಷ್ಟ್ರು ಈಗ ನನ್ನ ಸೊಪ್ಪು ತೊಳೆಯುವ ತೂತಿನ ಬುಟ್ಟಿಯಲ್ಲಿದ್ದಾರೆ. ಬುಟ್ಟಿಯನ್ನು ತೊಟ್ಟಿಯೊಳಗೇ ತೂಗುಹಾಕಿದ್ದೇನೆ. ಇಲ್ಲದಿದ್ದರೆ ಉಳಿದ ಮೀನುಗಳು ಗಾಯವನ್ನೇ ಹುಡುಕಿಕೊಂಡು ಬಂದು ಕಚ್ಚುತ್ತವೆ.

ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ನಿಮ್ಮಕ್ಕ ಫೋನಿನಲ್ಲಿ ನಿಮಗೆ "ಕಲ್ಲು ಜಾರಿತು" ಎಂದರಂತೆ. ಕಲ್ಲಿಗೇನು ಕಾಲಿದೆಯೇ, ತಾನಾಗಿ ಜಾರಲು? ನಡೆದದ್ದು ಕೇಳಿ. ನಾನು ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಅವರ ದನಿ: "ಛೀ, ಏನೇ ಇದು, ಕಲ್ಲೆಲ್ಲಾ ಪಾಚಿ! ಪಾತ್ರೆ ಉಜ್ಜೋ ನಾರು ಎಲ್ಲಿಟ್ಟಿದ್ದೀಯ?" ನಾನು "ಬೇಡ ಅಕ್ಕಾ" ಎಂದು ಓಡಿ ಬರುವಷ್ಟರಲ್ಲಿ ನೀವು ವರ್ಷಗಟ್ಟಲೆ ಜೋಪಾನ ಮಾಡಿದ ಆ ದೊಡ್ಡ ಕಲ್ಲು ಅವರ ಕೈಯಲ್ಲಿತ್ತು. ಹೆದರಿದಾಗ ಮೇಷ್ಟ್ರು ಹೊಕ್ಕು ಕೂರುವುದು ಅದೇ ಕಲ್ಲಿನ ಸಂದಿಯಲ್ಲಿ. ಕಲ್ಲಿನ ಜೊತೆ ಮೇಷ್ಟ್ರೂ ಮೇಲೆ ಬಂದರು. ಬಾಲ ಪಟಪಟ ಬಡಿದದ್ದೇ ತಡ, ನಿಮ್ಮಕ್ಕ "ಅಯ್ಯಯ್ಯೋ" ಎಂದು ಕಲ್ಲನ್ನು ಕೈಬಿಟ್ಟರು. ಪಕ್ಕದಲ್ಲೇ ನಿಂತಿದ್ದ ನಾನು ಕೈ ಅಡ್ಡ ಕೊಟ್ಟೆ. ಕಲ್ಲಿಗೂ ಗಾಜಿನ ಅಂಚಿಗೂ ನಡುವೆ ನನ್ನ ಬೆರಳು ಸಿಕ್ಕಿದ್ದರಿಂದ ಗಾಜು ಉಳಿಯಿತು. ಮೀನು ಪಕ್ಕೆ ತರಚಿಕೊಂಡು, ಬಲಗಡೆ ರೆಕ್ಕೆ ಹರಿದುಕೊಂಡು ನೀರಿಗೆ ಬಿತ್ತು. ನನ್ನ ಬೆರಳಿನ ಸಂಗತಿ ಇರಲಿ.

ಇಷ್ಟಾದ ಮೇಲೆ ಅವರು ಹೇಳಿದ್ದೇನು ಗೊತ್ತೇ? "ಒಂದು ಮೀನಿಗೆ ಇಷ್ಟೊಂದು ರಂಪ ಯಾಕೆ?" ನನಗೆ ಮೈಯೆಲ್ಲಾ ಉರಿದುಹೋಯಿತು. ಸಂಜೆ ನೋಡಿದರೆ, ಹಿಡಿ ತುಂಬಾ ಅಡುಗೆ ಉಪ್ಪು ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಾರೆ. "ಗಾಯಕ್ಕೆ ಉಪ್ಪುನೀರು ಒಳ್ಳೇದು ಕಣೇ." "ಅಕ್ಕಾ, ಅದು ಇರೋದೇ ಉಪ್ಪುನೀರಲ್ಲಿ!" ಎಂದು ಕಿರುಚಿದೆ. ಮಾರನೆಯ ದಿನ ಮುಖ ಊದಿಸಿಕೊಂಡು ಊರಿಗೆ ಹೊರಟರು. ತಪ್ಪು ಅವರದು, ಮುನಿಸೂ ಅವರದೇ.

ಮೀನಿನ ಅಂಗಡಿಯವನದು ಇನ್ನೊಂದು. "ಬಿಟ್ಹಾಕಿ ಅಕ್ಕಾ, ಇದು ಉಳಿಯಲ್ಲ. ಅದೇ ಬಣ್ಣದ್ದು ಬೇರೆ ಕೊಡ್ತೀನಿ" ಅಂದ. ಅದೇ ಬಣ್ಣದ್ದಂತೆ! "ನಿಮ್ಮ ಮನೆಯವರು ಕಾಲು ಮುರ್ಕೊಂಡ್ರೆ ಅದೇ ಬಣ್ಣದವರನ್ನ ಇನ್ನೊಬ್ಬರನ್ನ ತರ್ತೀರಾ?" ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಔಷಧಿ ಕೊಟ್ಟ.

ದಿನವೂ ಬಕೆಟ್ಟಿನಲ್ಲಿ ಸಮುದ್ರದ ಉಪ್ಪು ಕದಡಿ, ಅಳತೆ ನೋಡಿ, ಒಂದಿಷ್ಟು ಹಳೇ ನೀರು ತೆಗೆದು ಹೊಸದು ಸುರಿಯಬೇಕು. ಬಕೆಟ್ ಎತ್ತಿಕೊಡುವುದು ಮೇಲಿನ ಮನೆಯ ಟೈಲರಮ್ಮ. "ನಿಮ್ಮೆಜಮಾನ್ರು ಸಮುದ್ರದ ಮೇಲೆ, ಸಮುದ್ರ ನಿಮ್ಮ ತಲೆ ಮೇಲೆ" ಎಂದು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಅವರು ತಮ್ಮ ಮನೆಗೆ ಹೋದ ಮೇಲೆ ನಗು ಬರುವುದಿಲ್ಲ.

ನಿಮ್ಮ ಪತ್ರ ಬಂತು. ಉಪ್ಪು ನೋಡು, ಬಿಸಿ ನೋಡು, ದೀಪ ತಗ್ಗಿಸು, ರೆಕ್ಕೆಯ ಅಂಚು ಬೆಳ್ಳಗಾಗಿದೆಯಾ ನೋಡು. ಎಲ್ಲ ನೋಡಿದ್ದೇನೆ, ನೀವು ಬರೆಯುವ ಮೊದಲೇ. ಏನು ಕೊಟ್ಟರೂ ಮೂಸಿ ನೋಡದ ಮೇಷ್ಟ್ರು ಇವತ್ತು ಬೆಳಿಗ್ಗೆ ಒಣಗಿದ ಕಡಲಪಾಚಿಯನ್ನು ನನ್ನ ಬೆರಳ ತುದಿಯಿಂದಲೇ ಕಿತ್ತುಕೊಂಡು ತಿಂದರು. ಸ್ವಲ್ಪ ವಾಲಿಕೊಂಡು ಈಜುತ್ತಾರೆ, ಆದರೆ ಈಜುತ್ತಾರೆ. ನನಗೆ ಅಳುವೇ ಬಂತು. ಇನ್ನು ನೀವು ನಿಶ್ಚಿಂತೆಯಾಗಿರಿ.

ನೀರಿನ ಮೇಲಿರುವವರು, ಹುಷಾರು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಇದು ಎಡಗೈಯಲ್ಲಿ ಬರೆದ ಪತ್ರ. ಬಲಗೈಯ ಎರಡು ಬೆರಳು ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಅದನ್ನೂ ಫೋನಿನಲ್ಲಿ ನಿಮಗೆ ತಾವೇ ಹೇಳಿದ್ದಾಗಿ ನಿಮ್ಮಕ್ಕ ಆಣೆ ಮಾಡುತ್ತಾರೆ. ಇದೊಂದು ಮಾತನ್ನು ನಂಬುತ್ತೇನೆ, ಏಕೆಂದರೆ ಮೀನಿನ ರೆಕ್ಕೆಯ ಬಗ್ಗೆ ನೀವು ಬರೆದ ಎರಡು ಪುಟಗಳ ಕೊನೆಯಲ್ಲಿ ಒಂದು ಸಾಲಿದೆ: "ಪ್ಲಾಸ್ಟರ್ ಹಾಕಿದ ಕೈಯನ್ನು ತೊಟ್ಟಿಗೆ ಅದ್ದಬೇಡ, ಮೀನಿಗೆ ಆಗಿಬರುವುದಿಲ್ಲ." ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೀರಿ. "ನೋಯುತ್ತಾ?" ಎಂದು ಕೇಳಲು ಅಷ್ಟು ಜಾಗ ಸಾಕಾಗುತ್ತಿತ್ತು.