ಹೊರಸಿನ ನಾಲ್ಕನೆಯ ಕಾಲು

ಗದಗ, ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ನಲವತ್ತಾರು.

ನಮಗಿಂತ ಮೊದಲು ಕಚೇರಿಗಳಲ್ಲಿ ಕೂತ ಹಿರಿಯರಿಗೆ ದಾವಲಸಾಬ ನದಾಫ ಮಾಡುವ ಸಲಾಮು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದವರು ಜನವರಿಯಿಂದ ಒಂದು ದಿನ, ಮಾರ್ಚಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದಾರೆ. ಇಲ್ಲದವರಿಗೆ ನೆರವು ಕೊಡುವ ಕೆಲಸ ಅಲ್ಲಿಂದಲೇ ಶುರುವಾಯಿತೆಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ, ಯಾರೂ ನಗುವುದಿಲ್ಲ. ನನ್ನ ಮಾತು ನಿಮಗೆ ವಿಚಿತ್ರ ಅನಿಸಿದರೆ ಮನ್ನಿಸಿ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಇದನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ, ಅಂಚೆಯವನಿಗೂ ಗೊತ್ತಿಲ್ಲ. ಕೂತು ಬರೆಯಲು ಆಗುತ್ತಿಲ್ಲ. ನಾಲ್ಕು ಸಾಲಿಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದೇನೆ. ಯಾಕೆಂದು ಕಡೆಗೆ ಹೇಳುತ್ತೇನೆ.

ನೀವು ಸಭೆಗಳಲ್ಲಿ ಕೂತು ಯೋಚಿಸುತ್ತಿದ್ದೀರಲ್ಲ, ಬಡವರ ನೆರವು, ಕಸುಬಿನ ತರಬೇತಿ, ಕಾಲೇಜಿನ ಸೀಟು ಮೂರನ್ನೂ ಒಂದುಗೂಡಿಸಿದರೆ ಜನ ಅಲೆಯುವುದು ತಪ್ಪುತ್ತದೆ ಎಂದು, ಅದು ಈಗ ಆಗಿದೆ. ಅದಕ್ಕೆ ಮುಕ್ಕೂಟ ಎನ್ನುತ್ತೇವೆ. ಒಂದು ಅಂಗಳ, ಪಕ್ಕದಲ್ಲಿ ನೆರವಿನದೊಂದು, ತರಬೇತಿಯದೊಂದು ಕೋಣೆ, ರಸ್ತೆಯ ಆಚೆ ಊರಕಾಲೇಜು. ಊರಕಾಲೇಜಿಗೆ ಯಾವ ವಯಸ್ಸಿನವರೂ, ಎಷ್ಟೇ ಓದಿದವರೂ ಸೇರಬಹುದು. ಅಂಗಳದ ನಡುವೆ ಒಂದು ಹೊರಸು, ಅಂದರೆ ಹಗ್ಗದ ಮಂಚ. ಬಂದವರು ಅದರ ಮೇಲೆ ಕೂರಬೇಕು, ಅಧಿಕಾರಿಗಳು ಅವರ ಬಳಿಗೆ ಬರಬೇಕು. ಇದು ಹಳೆಯ ಪದ್ಧತಿ. ಕೂತವರು ಕೆಳಗಿಳಿದರೆ ಸರದಿ ಹೋಯಿತು. ನಾನು ಹೊರಸುಗಾರ. ಹಗ್ಗ ಬಿಗಿಯುವುದು, ಚಹಾ ಕೊಡುವುದು, ಕೂತವರು ಬೇಸತ್ತು ಇಳಿಯದಂತೆ ನಗಿಸುತ್ತಾ ಇರುವುದು ನನ್ನ ನೌಕರಿ. ಅಧಿಕಾರಿಗಳು ಬರುವುದು ನಿಂತು ಬಹಳ ಕಾಲವಾಯಿತು. ಅವರ ಯಂತ್ರಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ, ಅವರು ಕೋಣೆಯಲ್ಲೇ ಇರುತ್ತಾರೆ.

ಇವತ್ತು ಕೂತವಳು ಫಕ್ಕೀರವ್ವ ಹಡಪದ. ಗುಡ್ಡದ ಮೇಲಿನ ಗಾಳಿಯಂತ್ರ ರಿಪೇರಿ ಕಲಿಯಬೇಕೆಂಬ ಹಟ ಅವಳದು. ಮನೆಯಲ್ಲಿ ಅವ್ವ ಇದ್ದಾಳೆ, ಮರೆವಿನ ಕಾಯಿಲೆ; ಹೊತ್ತು ಮುಳುಗಿತೆಂದರೆ ಬಾಗಿಲು ತೆಗೆದು ಎಲ್ಲಿಗೋ ಹೊರಟುಬಿಡುತ್ತಾಳೆ. ಫಕ್ಕೀರವ್ವ ಕಲಿಯಲು ಬರಬೇಕಾದರೆ ಅವ್ವನಿಗೆ ಹಗಲುಮನೆ ಬೇಕು. ಹಗಲುಮನೆ ಎಂದರೆ ಮುದುಕರನ್ನು ಹಗಲು ನೋಡಿಕೊಳ್ಳುವ ಜಾಗ. ಅದನ್ನು ಕೊಡುವವರು ನೆರವಿನ ಅಂಬುಜಾಬಾಯಿ. ಕಾಲೇಜಿನಲ್ಲಿ ಸೀಟು ಸಿಕ್ಕ ತಕ್ಷಣ ಕೊಡುತ್ತೇನೆ ಎಂದು ಯಂತ್ರದಲ್ಲೇ ಹೇಳಿಕಳಿಸಿದರು. ಕಾಲೇಜಿನ ಮಾಸ್ತರರು, ತರಬೇತಿಯವರು ಸೇರಿಸಿಕೊಂಡ ತಕ್ಷಣ ಸೀಟು ಎಂದರು. ತರಬೇತಿ ಸಾಹೇಬರು, ಅವ್ವನಿಗೆ ಹಗಲುಮನೆ ಸಿಕ್ಕ ತಕ್ಷಣ ಸೇರಿಸಿಕೊಳ್ಳುತ್ತೇನೆ ಎಂದರು. ಮೂವರೂ ಒಳ್ಳೆಯವರು, ಯಾರೂ ಇಲ್ಲ ಅನ್ನಲಿಲ್ಲ. ಮೂರು ಯಂತ್ರಗಳೂ ಬೀಗರ ಮನೆಯ ಊಟಕ್ಕೆ ಕೂತವರ ಹಾಗೆ, ನೀವು ಮೊದಲು, ನೀವು ಮೊದಲು ಎನ್ನುತ್ತಾ ಕೂತವು. ಕಾಲೇಜಿಗೆ ಸೇರುವ ಬಾಗಿಲು ಇವತ್ತು ಹೊತ್ತು ಮುಳುಗಿದರೆ ಮುಚ್ಚಿಹೋಗುತ್ತಿತ್ತು, ಮತ್ತೆ ತೆರೆಯುವುದು ಎರಡು ವರ್ಷಕ್ಕೆ.

ಮಧ್ಯಾಹ್ನದ ತನಕ ನನ್ನ ಜೋಕು ನಡೆದವು. ಆಮೇಲೆ ಅವಳ ಕಣ್ಣೆಲ್ಲ ಗೋಡೆಯ ನೆರಳಿನ ಮೇಲೆ. ಒಂದು ಕಾಲು ಕೆಳಗೆ ಬಿಡುವಳು, ಮೇಲೆ ತೆಗೆದುಕೊಳ್ಳುವಳು. ನನಗೂ ನಿಂತಲ್ಲಿ ನಿಲ್ಲಲು ಆಗಲಿಲ್ಲ.

"ದಾವಲಣ್ಣ, ನಾ ಇಳೀತೀನಿ. ಬಾಜೂ ಮನಿಯಾಕಿ ಸಂಜೀತನಾ ಅಷ್ಟs ನೋಡ್ಕೋತೀನಿ ಅಂದಾಳ. ಅವ್ವ ಹೊರಬಿದ್ರ ಎಲ್ಲಿ ಹುಡಕ್ಲಿ?"

"ಇಳೀಬ್ಯಾಡವಾ ತಂಗಿ. ಸೀಟ ಹೋಗತೈತಿ."

"ಇಲ್ಲೇ ಕುಂತ್ರ ಸಿಗತೈತೇನು? ಮುಂಜಾನಿಂದ ಕುಂತೀನಿ, ನಿನ್ನ ಹಗ್ಗಾನs ನನ್ನ ಬೆನ್ನಿಗೆ ಮೂಡೈತಿ. ಅವರು ಬರಂಗಿಲ್ಲ, ನಾ ಹೋಗಂಗಿಲ್ಲ. ಹೊರಸಿಗೇನ ಕಾಲಿಲ್ಲೇನು, ಅದನ್ನರ ನಡಸು."

ನಾನು ನಗಲಿಲ್ಲ. ಬೇರೆಯವರ ಜೋಕಿಗೆ ನಾನು ನಗದೆ ಇದ್ದದ್ದು ಅದೇ ಮೊದಲು. ಸೀದಾ ಅಂಬುಜಾಬಾಯಿಯ ಕೋಣೆಗೆ ಹೋದೆ. "ಬಾಯಾರs, ಅವರಿಬ್ಬರೂ ಹೂಂ ಅಂದು ಹೊರಸ ಎತ್ತಿ ಕಾಲೇಜಿಗೆ ಒಯ್ಯಾಕ ನಿಂತಾರ್ರಿ. ನೀವು ಹಿಡಿಯೂ ಕಾಲೊಂದs ಬಾಕಿ." ಇದನ್ನೇ ತರಬೇತಿ ಸಾಹೇಬರಿಗೂ ಹೇಳಿದೆ. ರಸ್ತೆ ದಾಟಿ ಮಾಸ್ತರರಿಗೂ ಹೇಳಿದೆ. ಉಳಿದಿಬ್ಬರು ಹೂಂ ಅಂದಮೇಲೆ ತಾನೊಬ್ಬ ಉಳಿಯುವುದೆಂದರೆ ಮುಕ್ಕೂಟದಲ್ಲಿ ದೊಡ್ಡ ಅವಮಾನ. ಮೂವರೂ ಓಡಿಬಂದು ಒಂದೊಂದು ಕಾಲು ಹಿಡಿದರು. ನಾಲ್ಕನೆಯದನ್ನು ನಾನು ಹಿಡಿದೆ. ಫಕ್ಕೀರವ್ವನ ಸಮೇತ ಹೊರಸು ಮೇಲೆದ್ದಿತು.

"ಹೂವು ಊದಿನಕಡ್ಡಿ ತರಬ್ಯಾಡ್ರಿ ಮತ್ತ, ನಾ ಇನ್ನೂ ಅದೀನಿ," ಎಂದಳು ಅವಳು ಮೇಲಿಂದ.

ರಸ್ತೆಯ ನಡುವೆ ಗುಟ್ಟು ಒಡೆಯಿತು. "ನೀವು ಹೂಂ ಅಂದ್ರಂತ ನಾ ಬಂದೆ," ಎಂದರು ಅಂಬುಜಾಬಾಯಿ. "ನಾ ಎಲ್ಲಂದೆ? ನೀವಂದ್ರಂತ ನಾ ಬಂದೆ," ಎಂದರು ಸಾಹೇಬರು. ಮಾಸ್ತರರು ನನ್ನ ಕಡೆ ತಿರುಗಿದರು. "ಏ ನದಾಫ, ಇದು ನಿಂದs ಕೆಲಸೇನು?" ನಾನು ಆಕಾಶ ನೋಡಿದೆ. ಬೈಯುವುದಕ್ಕೆ ಮೂವರಿಗೂ ಬಾಯಿ ಇತ್ತು, ಆದರೆ ಕೈ ಬಿಡಲು ಯಾರಿಂದಲೂ ಆಗಲಿಲ್ಲ. ಯಾರು ಮೊದಲು ಬಿಟ್ಟರೂ ಅವಳು ಬೀಳುತ್ತಾಳೆ. ಹಾಗೇ ಜಗಳಾಡುತ್ತಾ, ಏದುಸಿರು ಬಿಡುತ್ತಾ ಕಾಲೇಜಿನ ಹೊಸ್ತಿಲು ಮುಟ್ಟಿದೆವು. ಒಳಗೆ ಮಾಸ್ತರರ ಕುರ್ಚಿ ಖಾಲಿ, ಮಾಸ್ತರರು ನಮ್ಮ ಜೊತೆ ಹೊರಸಿನ ಕೆಳಗೆ.

"ತೋಳು ಬಿದ್ದಹೋಗ್ತಾವ. ಏನ ಮಾಡೂದು ಹೇಳ್ರಿ," ಎಂದರು ಅಂಬುಜಾಬಾಯಿ.

"ಕೂಡೇ ಇಳಸ್ರಿ," ಎಂದಳು ಫಕ್ಕೀರವ್ವ. "ಇಳಸೂಮುಂದ ಹೂಂ ಅನ್ರಿ. ಒಬ್ಬರ ಹೂಂ ಮೊದಲ ಬಂದ್ರೂ ನಾ ಏಳಂಗಿಲ್ಲ."

ಮೂವರೂ ಒಂದೇ ಉಸಿರಿಗೆ ಹೂಂ ಎಂದರು. ಭಾರಕ್ಕೆ ಎಂದರೋ, ಮನಸ್ಸಿನಿಂದ ಎಂದರೋ, ನಾನು ಕೇಳಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಗಳ ತುದಿಯಲ್ಲಿ ಇನ್ನೂ ಚೂರು ಬಿಸಿಲಿತ್ತು. ಸೀಟು, ತರಬೇತಿ, ಹಗಲುಮನೆ ಮೂರೂ ಅಲ್ಲೇ ಹೊಸ್ತಿಲಲ್ಲಿ ಆದವು. ಫಕ್ಕೀರವ್ವ ಹೋಗಿ ಬರುತ್ತೇನೆ ಎಂದೂ ಹೇಳದೆ ಓಡಿದಳು. ಅವ್ವ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದನ್ನು ಹುಡುಕುತ್ತಾ ಬಾಗಿಲಲ್ಲೇ ನಿಂತಿದ್ದಳಂತೆ.

ಈಗ ನನ್ನ ಚಡಪಡಿಕೆಗೆ ಕಾರಣ ಹೇಳುತ್ತೇನೆ. ಈ ಕುಚೇಷ್ಟೆ ಇನ್ನೊಂದು ಸಲ ನಡೆಯುವುದಿಲ್ಲ. ನಾಳೆ ನಾನು ಹೋಗಿ ಉಳಿದಿಬ್ಬರು ಹೂಂ ಅಂದಿದ್ದಾರೆ ಎಂದರೆ ಮೂವರೂ ನಕ್ಕು ಚಹಾ ಕೇಳುತ್ತಾರೆ. ನೀವಾದರೋ ಇನ್ನೂ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದೀರಿ. ನಿಮ್ಮ ಕೈಯಲ್ಲಿ ಸೀಸದಕಡ್ಡಿಯೂ ಇದೆ, ಅಳಿಸುವ ರಬ್ಬರೂ ಇದೆ. ಮೂರು ಇಲಾಖೆ ಕೂಡಿಸುವಾಗ ಅವು ಒಂದಕ್ಕೊಂದು ಮಾತಾಡಿದರೆ ಸಾಕೆಂದುಕೊಳ್ಳಬೇಡಿ. ಮೂವರ ಕೈಗೂ ಒಂದೇ ಭಾರ ಕೊಡಿ, ಒಬ್ಬರು ಬಿಟ್ಟರೆ ಬೀಳುವುದು ಯಾರೆಂದು ಮೂವರ ಕಣ್ಣಿಗೂ ಕಾಣಲಿ. ಇಷ್ಟೇ ನನ್ನ ಬೇಡಿಕೆ.

ಹೊರಸನ್ನು ವಾಪಸು ತರುವಾಗ ಮೂವರಲ್ಲಿ ಒಬ್ಬರೂ ಇರಲಿಲ್ಲ. ನಾನೊಬ್ಬನೇ ತಲೆಯ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಟ್ಟಿದ್ದೇನೆ, ಹಗ್ಗ ಬಿಗಿಯುತ್ತಿದ್ದೇನೆ. ಬೆಳಗಾದರೆ ಯಾರೋ ಬಂದು ಕೂರುತ್ತಾರೆ. ಅಷ್ಟರೊಳಗೆ ಈ ಕಾಗದ ನಿಮಗೆ ಮುಟ್ಟಲಿ.