ಪಿಟೀಲು ಹ್ಯೂನ ಮನೆಗೆ ಏಳು ಜನ

ಆಖ್‌ಮೋರ್, ಸದರ್ಲೆಂಡ್
ಜೂನ್ ೯, ಸೋಮವಾರ

ಪ್ರೀತಿಯ ಡೋಲಿನಾ ಅಕ್ಕಾ,

ನಿನ್ನ ರಕ್ತದೊತ್ತಡ ಈಗ ಹೇಗಿದೆ? ನ್ಯೂಜಿಲೆಂಡಿನಲ್ಲಿ ಇದು ಚಳಿಗಾಲ, ಎದ್ದ ಕೂಡಲೇ ತೋಟಕ್ಕೆ ಇಳಿಯಬೇಡ, ಸ್ವಲ್ಪ ಬಿಸಿಲೇರಲಿ. ಭಾವನ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತೆಂದು ಓದಿ ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ. ನೀನು ಕೇಳಿರಲಿಲ್ಲ, ಆದರೂ ಹೇಳುತ್ತಿದ್ದೇನೆ.

ಜುಲೈ ಪ್ರವಾಸಕ್ಕೆ ನೀನು ಹೇಳಿದ್ದೆಲ್ಲ ಮಾಡಿದ್ದೇನೆ. ವಿಲೀನಾಳ ವಸತಿಗೃಹದಲ್ಲಿ ನಿಮ್ಮ ಏಳು ಜನಕ್ಕೆ ನಾಲ್ಕು ಕೋಣೆ ಹಿಡಿದಿಟ್ಟಿದ್ದೇನೆ. ನಿನ್ನ ಮೊಮ್ಮಗಳು ಮಾಂಸ ತಿನ್ನುವುದಿಲ್ಲ ಎಂದರೆ ವಿಲೀನಾ "ಹೌದಾ? ಹಂಗಾದ್ರೆ ಅವಳಿಗೆ ಬರೀ ಕೋಳಿ ಮಾಡಿ ಹಾಕ್ತೀನಿ ಬಿಡು" ಎಂದಳು. ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಇನ್‌ವರ್ನೆಸ್‌ನಿಂದ ನಿಮ್ಮನ್ನು ಕರೆತರಲು ವ್ಯಾನ್ ಬರುತ್ತದೆ. ಮೊದಲ ದಿನ ಕಡಲತೀರ, ಎರಡನೆಯ ದಿನ ಚರ್ಚಿನ ಸಮಾಧಿಗಳು, ಮೂರನೆಯ ದಿನ ಕಣಿವೆಯೊಳಗೆ ಡಾಲ್‌ವೀನ್, ಅಂದರೆ ನಿನ್ನ ಪ್ರಕಾರ ನಮ್ಮ ಮೂಲದ ಮನೆ. ಕಣಿವೆಯಲ್ಲಿ ಜುಲೈ ಎಂದರೆ ನುಸಿಗಳ ರಾಜ್ಯಭಾರ, ಏಳೂ ಜನಕ್ಕೆ ಮುಖಕ್ಕೆ ಹಾಕಿಕೊಳ್ಳುವ ಬಲೆ ತಂದಿಟ್ಟಿದ್ದೇನೆ. ಎಲ್ಲರೂ ಬೆನ್ನಮೇಲೆ ನಮ್ಮ ಮನೆತನದ ಹೆಸರು 'ಮೆಕೇ' ಎಂದು ಬರೆದ ನೀಲಿ ಅಂಗಿ ಹಾಕಿಕೊಂಡು ಬರುತ್ತೀರಂತೆ. ಇಲ್ಲಿ ಮುಕ್ಕಾಲು ಪಾಲು ಜನ ಮೆಕೇಗಳೇ, ಯಾರೂ ಬೆನ್ನಮೇಲೆ ಬರೆದುಕೊಂಡು ತಿರುಗುವುದಿಲ್ಲ. ಹೋಗಲಿ ಬಿಡು, ನಿಮ್ಮ ಇಷ್ಟ.

"ಎಫೀ, ನೀನು ಅಲ್ಲೇ ಇದ್ದೀಯಲ್ಲ, ನೀನೇ ಎಲ್ಲ ನೋಡ್ಕೋ" ಎಂದು ನೀನು ಫೋನಿನಲ್ಲಿ ಹೇಳಿದೆ. ಅಪ್ಪ ಹಾಸಿಗೆ ಹಿಡಿದಾಗಲೂ ಇದನ್ನೇ ಹೇಳಿದ್ದೆ, ಅಮ್ಮನ ಕೊನೆಯ ಐದು ವರ್ಷಗಳಲ್ಲೂ ಇದನ್ನೇ ಹೇಳಿದೆ. ನಾನು ಇಲ್ಲೇ ಇದ್ದೆ, ನೋಡಿಕೊಂಡೆ. ಈಗ ಅಂಗಡಿಗೆ ಹಾಲು ತರಲು ಹೋದರೆ ಪೆಗಿ "ನಿಮ್ಮಕ್ಕ ಯಾವತ್ತು ಬರ್ತಾಳೆ? ಅಯ್ಯೋ, ಅವಳು ಕುಣಿಯೋಕೆ ನಿಂತ್ರೆ ಊರೇ ನಿಂತು ನೋಡ್ತಿತ್ತು ಕಣೇ" ಎನ್ನುತ್ತಾಳೆ. ನಿನ್ನ ಸಲುವಾಗಿ ಊರ ಸಭಾಂಗಣಕ್ಕೆ ಸುಣ್ಣ ಬಳಿಯುತ್ತಿದ್ದಾರೆ. ಚರ್ಚಿನಲ್ಲಿ ಪಾದ್ರಿಗಳು "ದೂರ ಹೋದ ಮಗಳು ಬೇರು ಹುಡುಕಿ ಬರ್ತಿದ್ದಾಳೆ" ಎಂದು ಘೋಷಿಸಿದರು. ನೀನು ಹೋದಾಗಿನಿಂದ ನಲವತ್ತೆಂಟು ವರ್ಷ ಆ ಬೇರಿನ ಪಕ್ಕದಲ್ಲೇ ಬಿದ್ದಿರುವ ನಾನು ಮೂರನೆಯ ಬೆಂಚಿನಲ್ಲಿ ಕೂತಿದ್ದೆ, ಪಾದ್ರಿಗಳ ಕಣ್ಣಿಗೆ ಬೀಳಲಿಲ್ಲ. ನನಗೆ ಹೊಟ್ಟೆಕಿಚ್ಚು ಅಕ್ಕಾ. ಅರವತ್ತೈದು ವರ್ಷದವಳಿಗೆ ಇದೆಂಥ ರೋಗ ಎಂದು ನಗಬೇಡ. ಹೋದವರು ತಿರುಗಿ ಬಂದರೆ ಹಬ್ಬ, ಹೋಗದವರಿಗೆ ಹಬ್ಬದ ಅಡುಗೆ ಮಾಡುವ ಕೆಲಸ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಡಾಲ್‌ವೀನ್ ನಮ್ಮ ಮನೆಯಲ್ಲ. ನಿನ್ನ ವಂಶಾವಳಿ ತಜ್ಞ ಹಳೆಯ ಕಾಗದಗಳಲ್ಲಿ 'ಹ್ಯೂ ಮೆಕೇ, ಡಾಲ್‌ವೀನ್' ಎಂದು ಕಂಡು ಕುಣಿದಾಡಿದನಲ್ಲ, ಇನ್ನೂರು ವರ್ಷದ ಹಿಂದೆ ಜಮೀನುದಾರರು ಕುರಿ ಮೇಯಿಸಲು ನಮ್ಮವರನ್ನು ಒಕ್ಕಲೆಬ್ಬಿಸಿದ ಕಾಲಕ್ಕೆ ಈ ಕಣಿವೆಯೊಂದರಲ್ಲೇ ಹದಿನಾಲ್ಕು ಜನ ಹ್ಯೂ ಮೆಕೇಗಳಿದ್ದರು. ಯಾರು ಯಾರೆಂದು ಗುರುತಾಗುತ್ತಿದ್ದುದು ಅಡ್ಡಹೆಸರಿನಿಂದ, ಅಡ್ಡಹೆಸರನ್ನು ಯಾವ ಸರ್ಕಾರಿ ಗುಮಾಸ್ತನೂ ಬರೆದುಕೊಳ್ಳಲಿಲ್ಲ. ಡಾಲ್‌ವೀನಿನವನು ಪಿಟೀಲು ಹ್ಯೂ. ನಮ್ಮವನು ಮೋಟುಗೈ ಹ್ಯೂ, ಅಮ್ಮನ ಅಜ್ಜಿಯ ಅಜ್ಜ, ಬಲಗೈಯಲ್ಲಿ ಮೂರೇ ಬೆರಳು. ನಿನ್ನ ಮೊಮ್ಮಗ ಫರ್ಗಸ್‌ಗೆ ಪಿಟೀಲು ರಕ್ತದಲ್ಲೇ ಬಂದಿದೆ ಎಂದು ನೀನು ಎರಡು ಪುಟ ಬರೆದಿದ್ದೆ. ಓದಿ ನಾನೊಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಾಪ, ಹುಡುಗನಿಗೆ ಹೇಳಬೇಡ.

ನೀನು ಡಾಲ್‌ವೀನ್ ಎಂದು ಬರೆದ ಫೆಬ್ರವರಿಯಲ್ಲೇ ಈ ತಪ್ಪು ನನಗೆ ಗೊತ್ತಾಗಿತ್ತು. ಬೇಕೆಂದೇ ಹೇಳಲಿಲ್ಲ. ಡಾಲ್‌ವೀನ್ ಇರುವುದು ರಸ್ತೆ ಬದಿ, ವ್ಯಾನ್ ನಿಲ್ಲಿಸಲು ಜಾಗವಿದೆ, ಯಾರದ್ದೋ ಪಾಳು ಗೋಡೆಯ ಮುಂದೆ ನೀಲಿ ಅಂಗಿಯಲ್ಲಿ ನಿಂತು ಅತ್ತು ಹೋಗಲಿ ಎಂದುಕೊಂಡೆ. ಹಳ್ಳದಾಚೆ ಗುಡ್ಡದ ಮೇಲಿರುವ ನಮ್ಮ ನಿಜವಾದ ಮೂಲದ ಮನೆಯ ದಾರಿ ಗೊತ್ತಿರುವುದು ಈಗ ನನಗೊಬ್ಬಳಿಗೇ. ನೀನು ವಿಮಾನ ಹತ್ತಿದ ಮರುವರ್ಷದ ಮೇ ತಿಂಗಳಿಂದ ಅಮ್ಮ ನನ್ನನ್ನು ಪ್ರತಿ ವರ್ಷ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ನೀನು ಇಲ್ಲಿದ್ದಾಗ ನಿನಗೆ ಶನಿವಾರದ ಕುಣಿತ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಒಲೆಯ ಕಲ್ಲುಗಳು ಇನ್ನೂ ಇದ್ದ ಹಾಗೇ ಇವೆ, ಕರಿ ಕೂಡ ಪೂರ್ತಿ ಹೋಗಿಲ್ಲ. ನಾವಿಬ್ಬರೂ ಅಲ್ಲಿ ಕೂತು ಓಟ್ಸ್ ರೊಟ್ಟಿಗೆ ಚೀಸ್ ಇಟ್ಟುಕೊಂಡು ತಿಂದು ಬರುತ್ತಿದ್ದೆವು. ನಿನಗೆ ಗಂಡ, ಮಕ್ಕಳು, ಮೊಮ್ಮಕ್ಕಳು, ಸಮುದ್ರ ಕಾಣುವ ಮನೆ ಎಲ್ಲ ಇದೆ. ನನ್ನ ಪಾಲಿಗೆ ಬಂದದ್ದು ಆ ಒಲೆ ಒಂದೇ. ಅದನ್ನೂ ನೀನು ಕೇಳಿದರೆ ಕೊಡಲಾರೆ. ಅದಕ್ಕೇ ಮೂರನೆಯ ದಿನ ಡಾಲ್‌ವೀನ್ ಎಂದೇ ಬರೆದಿಟ್ಟಿದ್ದೇನೆ, ಬದಲಾಯಿಸುವುದಿಲ್ಲ.

ಇಷ್ಟು ಬರೆದದ್ದಕ್ಕೆ ಸಿಟ್ಟಾಗುವುದಾದರೆ ಬರುವ ಮೊದಲೇ ಆಗಿಬಿಡು, ಎಲ್ಲರೆದುರು ಬೇಡ. ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆಲ್ಲ ಮುತ್ತು. ಮಳೆಗೆ ಬೂಟು ತರಲು ಹೇಳು, ಅವರ ಬಿಳಿ ಕ್ಯಾನ್ವಾಸ್ ಶೂಗಳು ಇಲ್ಲಿ ಒಂದು ಗಂಟೆಯೂ ಬಾಳುವುದಿಲ್ಲ.

ನಿನ್ನ ತಂಗಿ,
ಎಫಿ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಳೆದ ತಿಂಗಳು ನಾನೊಬ್ಬಳೇ ಆ ಒಲೆಯ ಹತ್ತಿರ ಹೊರಟಿದ್ದೆ. ಹಳ್ಳ ದಾಟಲಾಗಲಿಲ್ಲ. ಮಂಡಿ ಕೈಕೊಟ್ಟಿತು, ಆಚೆ ದಡ ನೋಡಿಕೊಂಡು ವಾಪಸ್ ಬಂದೆ. ಇನ್ನು ನಾನು ಮೇಲೆ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಮೂರನೆಯ ದಿನ ಉಳಿದವರನ್ನು ಡಾಲ್‌ವೀನಿಗೆ ಕಳಿಸು, ಫರ್ಗಸ್ ಅಲ್ಲೇ ಬಾರಿಸಲಿ. ನೀನೊಬ್ಬಳೇ ನನ್ನ ಜೊತೆ ಬಾ. ಹಳ್ಳದವರೆಗೆ ನಾನು ಬರುತ್ತೇನೆ, ಅಲ್ಲಿಂದ ದಾರಿ ಬೆರಳು ಮಾಡಿ ತೋರಿಸುತ್ತೇನೆ. ಮೇಲೆ ಹೋದಮೇಲೆ ಒಲೆಯ ಕಲ್ಲಿನ ಮೇಲೆ ಕೈಯಿಟ್ಟು ಮೋಟುಗೈ ಹ್ಯೂನಿಂದ ಕೆಳಗೆ ನಮ್ಮವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಬೇಕು, ಅದು ನಮ್ಮ ಮನೆಯ ಕ್ರಮ. ಚೀಟಿಯಲ್ಲಿ ಬರೆದುಕೊಡುತ್ತೇನೆ. ಅಮ್ಮ ಮೂವತ್ತು ವರ್ಷ ಹೇಳಿದಳು, ನನ್ನ ತೋಳು ಹಿಡಿದುಕೊಂಡೇ ಹೇಳಿದಳು, ಪ್ರತಿ ಸಲ 'ಡೋಲಿನಾ' ಎಂದು ನಿಲ್ಲಿಸಿಬಿಡುತ್ತಿದ್ದಳು. ನನ್ನ ಹೆಸರು ಯಾಕಿಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ. "ಇಲ್ಲಿ ನಿಂತಿರೋರನ್ನ ಯಾಕೆ ಕರೀಬೇಕು ಹುಚ್ಚಿ? ಇಲ್ಲಿ ಇಲ್ದೋರನ್ನ ಕರೀಬೇಕು" ಎಂದಳು. ಅಮ್ಮ ಹೋದಮೇಲೆ ನಾನೂ ಹಾಗೇ ಹೇಳಿಕೊಂಡು ಬಂದೆ, ನಿನ್ನ ಹೆಸರಿಗೇ ನಿಲ್ಲಿಸಿದೆ. ಈ ಸಲ ಮೇಲೆ ನಿಂತಿರುವವಳು ನೀನು. ಅಲ್ಲಿ ಇಲ್ಲದವಳು ನಾನು. ಗಟ್ಟಿಯಾಗಿ ಕರೆ ಅಕ್ಕಾ, ಹಳ್ಳದ ಸದ್ದಿನಲ್ಲೂ ಕೇಳಿಸಬೇಕು.