ಮಸ್ಕತ್ತಿನ ಚಂದ್ರನ ಪರ ತೀರ್ಪು

ಪ್ರೀತಿಯ ಹಲೀಲ್ ಆಬಿ,

ನಿಮಗೆ ಕನ್ನಡ ಬಾರದೆಂದು ಗೊತ್ತಿದ್ದೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ತುರ್ಕಿ ಮಾತಿನಲ್ಲಿ ‘ಆಬಿ’ ಅಂದರೆ ಅಣ್ಣ ಎಂದು ಕಲಿತು ಒಂಬತ್ತು ವರ್ಷ ಹಾಗೇ ಕರೆದೆ. ಇನ್ನು ಕಲಿಯುವ ಸರದಿ ನಿಮ್ಮದು. ಈಗ ಪುರುಸೊತ್ತಿಗೇನೂ ಕೊರತೆ ಇಲ್ಲವಲ್ಲ?

ನಾನು ಮಸ್ಕತ್ತಿನ ಹಮ್ರಿಯಾದ ಆ ಕಟ್ಟಡ ಗುತ್ತಿಗೆಯ ಆಫೀಸಿಗೆ ನಕ್ಷೆ ಬಿಡಿಸಲು ಸೇರಿದ ಮೊದಲ ಅಕ್ಟೋಬರ್ ನೆನಪಿದೆಯೇ? ಮ್ಯಾನೇಜರರಾದ ನೀವು ಆ ಸೆಕೆಯಲ್ಲೂ ಕಪ್ಪು ಸೂಟು ತೊಟ್ಟು, ಮೇಜಿನ ಮೇಲೆ ಪುಟ್ಟ ಕೆಂಪು ಬಾವುಟ ನಿಲ್ಲಿಸಿ, ನಿಮ್ಮ ದೇಶದ ಗಣರಾಜ್ಯ ದಿನಕ್ಕೆ ರಜೆ ಕೇಳಿದಿರಿ. ನಮ್ಮ ಒಮಾನಿ ಯಜಮಾನರು ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಏಪ್ರಿಲಿನಲ್ಲಿ ಮಕ್ಕಳ ದಿನ ಅಂದೆ, ಮೇ ತಿಂಗಳಲ್ಲಿ ಯುವಕರ ದಿನ ಅಂದೆ, ಆಗಸ್ಟಿನಲ್ಲಿ ವಿಜಯದ ದಿನ ಅಂದೆ. ಹಲೀಲ್, ನೀನು ಕೆಲಸ ಮಾಡುವ ದಿನ ಯಾವುದು, ಅದೊಂದು ಹೇಳು. ಖಲಾಸ್!” ಇದೇ ಸುಸಮಯವೆಂದು ನಾನು ನವೆಂಬರ್ ಒಂದರ ರಾಜ್ಯೋತ್ಸವದ ಮಾತೆತ್ತಿದೆ. ಇಬ್ಬರಿಗೂ ಮಂಜೂರಾದದ್ದು ಒಂದೊಂದು ಲೋಟ ಚಹಾ.

ರಂಜಾನಿನ ಕೊನೆ ಬಂತೆಂದರೆ ನಮ್ಮ ವಾರ್ಷಿಕ ಯುದ್ಧ. ನಿಮ್ಮ ಊರಿನಲ್ಲಿ ಹಬ್ಬದ ದಿನವನ್ನು ಮೊದಲೇ ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಬಿಡುತ್ತಾರೆ. ಇಲ್ಲಿ ಕಣ್ಣಿಗೆ ಚಂದ್ರ ಕಂಡರೆ ಮಾತ್ರ ಹಬ್ಬ. ಹಾಗಾಗಿ ಎಷ್ಟೋ ಸಲ ಅಲ್ಲಿ ಹಬ್ಬ, ಇಲ್ಲಿ ಇನ್ನೂ ಉಪವಾಸ. “ನಿನ್ನ ಮಸ್ಕತ್ತಿನ ಚಂದ್ರ ಸೋಮಾರಿ” ಎಂದು ನೀವು ಛೇಡಿಸುತ್ತಿದ್ದಿರಿ. ನನ್ನದು ಉಪವಾಸವೂ ಅಲ್ಲ, ಹಬ್ಬವೂ ಅಲ್ಲ. ಆದರೂ ಉಡುಪಿ ಕಡೆಯವನಾಗಿ, ಅಷ್ಟಮಿ ಯಾವಾಗೆಂದು ಎರಡು ಪಂಚಾಂಗದ ಜಗಳ ಕೇಳುತ್ತಲೇ ಬೆಳೆದವನಾಗಿ, ಇಲ್ಲಿನ ಚಂದ್ರನ ವಕಾಲತ್ತು ವಹಿಸಿದೆ. ನೀವು ಮಾತ್ರ ಬೆಳಿಗ್ಗೆ ಫೋನಿನಲ್ಲಿ ಊರಿನ ನಿಮ್ಮ ಅಕ್ಕನಿಗೆ ಹಬ್ಬದ ಶುಭಾಶಯ ಹೇಳಿ, ಸಂಜೆ ನಮ್ಮ ಜೊತೆ ಖರ್ಜೂರ ತಿಂದು ಉಪವಾಸ ಬಿಡುತ್ತಿದ್ದಿರಿ. ಆ ಒಂದು ದಿನ ನೀವು ಯಾವ ಊರಿನವರು, ಆಬಿ? ಅತ್ತಿಗೆ ತೀರಿಕೊಂಡ ಮೇಲೆ ಹಬ್ಬಕ್ಕೆ ಊರಿಗೆ ಹೋಗುವುದನ್ನೇ ಬಿಟ್ಟಿದ್ದಿರಿ. ಯಾವಾಗ ಬರುತ್ತೀ ಎಂದು ಅಕ್ಕ ಕೇಳಿದಾಗೆಲ್ಲ ನಿಮ್ಮ ಫೋನಿನ ಸಿಗ್ನಲ್ ಹೋಗುತ್ತಿತ್ತು.

ಹೋದ ವರ್ಷ ಏಪ್ರಿಲ್ ಇಪ್ಪತ್ಮೂರಕ್ಕೆ, ನಿಮ್ಮ ಆ ಮಕ್ಕಳ ದಿನಕ್ಕೆ, ನನ್ನ ಮಗಳು ಪೂರ್ವಿಯನ್ನು ದಾರ್ಸೈಟಿನ ಶಾಲೆಯಿಂದ ನೇರ ಆಫೀಸಿಗೆ ಕರೆಸಿದಿರಿ. ನಿಮ್ಮ ದೇಶದಲ್ಲಿ ಅಂದು ದೊಡ್ಡ ದೊಡ್ಡ ಅಧಿಕಾರಿಗಳೂ ಕುರ್ಚಿ ಬಿಟ್ಟೆದ್ದು ಮಕ್ಕಳನ್ನು ಕೂರಿಸುತ್ತಾರೆ ಎಂದು ವಿವರಿಸಿ, ಅವಳನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಿ, ಕೈಕಟ್ಟಿ ನಿಂತಿರಿ. “ಇವತ್ತು ಮೇಡಂ ಕೇಳಿದ್ದಕ್ಕೆ ಸುಳ್ಳು ಹೇಳುವಂತಿಲ್ಲ, ಹೇಳಿದ್ದನ್ನು ಮೀರುವಂತಿಲ್ಲ” ಎಂದು ಕಾನೂನನ್ನೂ ಮಾಡಿದಿರಿ. ಫೋನಿನಲ್ಲಿ ಅಕ್ಕನ ಮುಖ ನೋಡಿದ್ದ ಅವಳು ಬೇರೇನೂ ಕೇಳಲಿಲ್ಲ. “ಹಲೀಲ್ ಅಂಕಲ್, ಯೂ ಮಸ್ಟ್ ಗೋ ಹೋಮ್. ಮುಂದಿನ ರಂಜಾನ್ ಹಬ್ಬಕ್ಕೆ. ಹಬ್ಬ ಶುರುವಾಗುವ ಮೊದ್ಲೇ ತಲುಪ್ಬೇಕು. ನೋ ಎಕ್ಸ್‌ಕ್ಯೂಸ್!” ನಕ್ಕುಬಿಡುತ್ತೀರಿ ಅಂದುಕೊಂಡಿದ್ದೆ. ನೀವು ಮೀಸೆ ತಿರುವಿ “ಎಸ್ ಮೇಡಂ” ಅಂದಿರಿ.

ಟಿಕೆಟ್ ಮಾಡಿಸಿದಿರಿ. ಅಕ್ಕನಿಗೆ ಶಾಲು ಕೊಂಡಿರಿ. ಹೊರಡುವುದಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಸೈಟಿನ ಕ್ಯಾಬಿನ್ನಿನಲ್ಲಿ, ಮಧ್ಯಾಹ್ನದ ನಮಾಜು ಮುಗಿಸಿ ಕೂತವರು ಮತ್ತೆ ಏಳಲಿಲ್ಲ. ಹೃದಯ ಅಂದರು ಡಾಕ್ಟರು. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ನಿಮ್ಮನ್ನು ಪೆಟ್ಟಿಗೆಯಲ್ಲಿಟ್ಟು ತೂಕಕ್ಕೆ ಹಾಕಿದರು, ಆಬಿ. ರಜೆಗೆ ಹೊರಟ ನಮ್ಮ ಊರಿನವರ ಪೆಟ್ಟಿಗೆ ತೂಕ ಮೀರಿತೆಂದು ಅಷ್ಟು ಅಣಕಿಸುತ್ತಿದ್ದವರು ನೀವು. ಶಾಲನ್ನು ನಿಮ್ಮ ಜೊತೆ ಕಳಿಸಲು ಅಲ್ಲಿಯವರು ಬಿಡಲಿಲ್ಲ. ಅದು ನಮ್ಮ ಕಪಾಟಿನಲ್ಲಿದೆ.

ಮನೆಗೆ ಬಂದಾಗ ಪೂರ್ವಿ ಬಾಗಿಲಲ್ಲೇ ನಿಂತಿದ್ದಳು. “ಅಪ್ಪಾ, ಅಂಕಲ್ ಹೋದ್ರಾ?”

“ಹೋದ್ರು ಮಗಾ.”

“ಯೇಸ್!” ಎಂದು ಕುಣಿದಳು. ಕುಣಿಯುವ ಮಗುವನ್ನು ಹಿಡಿದು ನಿಲ್ಲಿಸುವುದು ಹೇಗೆ? ಅಡುಗೆಮನೆಯಲ್ಲಿ ನನ್ನ ಹೆಂಡತಿ ಮೆಲ್ಲಗೆ ಗದರಿದಳು: “ಎಂತ ಮಾರ್ರೆ ನೀವು? ನಿಮ್ಗೆ ಹೇಳ್ಲಿಕ್ಕೆ ಆಗುದಿಲ್ಲಾದ್ರೆ ನಾನು ಹೇಳ್ತೇನೆ.” ನಾನೇ ಹೇಳುತ್ತೇನೆ ಅಂದೆ. ನಾಳೆ ಅಂದೆ. ಆ ನಾಳೆ ಒಂದೇ ಆಗಿದ್ದರೆ...

ಮೊನ್ನೆ ಮತ್ತೆ ಏಪ್ರಿಲ್ ಇಪ್ಪತ್ಮೂರು ಬಂತು. ಅವಳು ಹಟ ಹಿಡಿದು ಆಫೀಸಿಗೆ ಬಂದಳು, ನಿಮ್ಮ ಕುರ್ಚಿ ಏರಿದಳು. ಬಾವುಟ ಅಲ್ಲೇ ಇತ್ತು, ಧೂಳು ಕೂತು. ಕಾಲು ಜೋತಾಡಿಸುತ್ತ ಕೇಳಿದಳು: “ನಾನು ಮ್ಯಾನೇಜರ್ ಕೇಳ್ತಾ ಇದ್ದೇನೆ. ಹಲೀಲ್ ಅಂಕಲ್ ಎಂತಕ್ಕೆ ಇನ್ನೂ ಬರ್ಲಿಲ್ಲ?”

ಕಾನೂನು ನಿಮ್ಮದೇ. ಹೇಳಿದೆ. ಎಲ್ಲವನ್ನೂ, ಪೆಟ್ಟಿಗೆಯನ್ನೂ.

ಜೋತಾಡುತ್ತಿದ್ದ ಕಾಲು ನಿಂತಿತು. ಅಳುತ್ತಾಳೆಂದು ಕಾದೆ. ಅವಳು ಬಾವುಟದ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದಳು. ಆಮೇಲೆ, ನನ್ನತ್ತ ನೋಡದೆ: “ಹಬ್ಬ ಶುರುವಾಗುವ ಮೊದ್ಲೇ ತಲುಪಿದ್ರಾ?”

ನಿಮ್ಮ ಅಕ್ಕ ಫೋನಿನಲ್ಲಿ ಹೇಳಿದ್ದು ನನಗೆ ಗೊತ್ತಿತ್ತು. ನೀವು ತಲುಪಿದ್ದು ಹಬ್ಬದ ಬೆಳಿಗ್ಗೆ. ಹಿರಿಯರ ಕೈಗೆ ಮುತ್ತಿಡಲು ಹೊಸ ಬಟ್ಟೆ ತೊಟ್ಟು ಬಂದ ಮಕ್ಕಳು ಅದೇ ಬಟ್ಟೆಯಲ್ಲಿ ನಿಮ್ಮ ಹಿಂದೆ ನಡೆದರಂತೆ. ನಿಮ್ಮ ಕ್ಯಾಲೆಂಡರಿನ ಪ್ರಕಾರ ನೀವು ತಡ.

ಆದರೆ ಹಿಂದಿನ ಸಂಜೆ ಮಸ್ಕತ್ತಿನಲ್ಲಿ ಚಂದ್ರ ಕಂಡಿರಲಿಲ್ಲ, ಆಬಿ. ಅಂದು ಇಲ್ಲಿ ಇನ್ನೂ ಉಪವಾಸವಿತ್ತು.

“ತಲುಪಿದ್ರು ಮಗಾ,” ಅಂದೆ. “ಹಬ್ಬಕ್ಕೆ ಇನ್ನೂ ಒಂದು ದಿನ ಉಂಟು ಅನ್ನುವಾಗ ತಲುಪಿದ್ರು.”

ಒಂಬತ್ತು ವರ್ಷ ವಾದಿಸಿ ಗೆಲ್ಲಲಾಗದ ಮೊಕದ್ದಮೆ ಅದು. ಎದುರು ಪಕ್ಷದವರು ಗೈರುಹಾಜರಾದ್ದರಿಂದ ತೀರ್ಪು ನನ್ನ ಸೋಮಾರಿ ಚಂದ್ರನ ಪರವಾಯಿತು. ನೀವು ಆಜ್ಞೆ ಮೀರಲಿಲ್ಲವೆಂದು ಮೇಡಂ ತಲೆಯಾಡಿಸಿದ್ದಾರೆ, ಆಮೇಲೆ ಅತ್ತಿದ್ದಾರೆ. ಮೇಲ್ಮನವಿ ಇದ್ದರೆ ನೀವೇ ಖುದ್ದು ಬಂದು ಹಾಕಬೇಕು.

ನಿಮ್ಮ ತಮ್ಮ